ಕ್ಯಾರವಾನ್ ಕರೆಂಟು: ಅರ್ತಿಂಗ್ ಮೊದಲು, ಜನರೇಟರ್ ಕೊನೆಗೆ

ಕೊಂಕಣ ಕರಾವಳಿಯಲ್ಲಿ ಕ್ಯಾರವಾನ್ ಪ್ರವಾಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಎಲ್ಲಿ ತಂಗಬಹುದು, ಯಾವ ಘಾಟಿಯಲ್ಲಿ ದೊಡ್ಡ ಗಾಡಿ ತಿರುಗುತ್ತದೆ ಎಂಬ ಪ್ರಶ್ನೆಗಳು ಬರಬಹುದೆಂದು ಕಾದಿದ್ದರೆ, ಬಂದ ಪತ್ರಗಳಲ್ಲಿ ಹೆಚ್ಚಿನವು ಕರೆಂಟಿನ ಕುರಿತಾಗಿಯೇ ಇದ್ದವು. ಹಡಗುಗಳಲ್ಲಿ ಎಲೆಕ್ಟ್ರಿಕಲ್ ಆಫೀಸರ್ ಆಗಿ ದುಡಿದು, ಈಗ ಮುಲುಂಡಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನಗೆ ಇದು ಹಬ್ಬವೇ ಸರಿ. ಹಡಗು ಬಂದರಿನಲ್ಲಿ ನಿಂತಾಗ ದಡದಿಂದ ಕರೆಂಟು ಪಡೆಯುತ್ತದೆ, ನಡುಸಮುದ್ರದಲ್ಲಿ ತನ್ನ ಜನರೇಟರನ್ನು ಓಡಿಸುತ್ತದೆ. ಕ್ಯಾರವಾನ್ ಕೂಡ ಅದನ್ನೇ ಮಾಡುತ್ತದೆ. ವ್ಯತ್ಯಾಸ ಒಂದೇ: ಹಡಗಿನಲ್ಲಿ ಅದನ್ನು ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬನನ್ನು ಇಟ್ಟಿರುತ್ತಾರೆ.

ಠಾಣೆಯ ಘೋಡ್‌ಬಂದರ್ ರಸ್ತೆಯಿಂದ ಒಬ್ಬ ಓದುಗರು: ಟ್ರಾವೆಲರ್ ವ್ಯಾನನ್ನು ಕ್ಯಾರವಾನ್ ಆಗಿ ಮಾರ್ಪಡಿಸುತ್ತಿದ್ದೇವೆ. ನಾವು ನಾಲ್ಕು ಜನ. ಒಂದು ಟನ್ ಎಸಿ, ಇಂಡಕ್ಷನ್ ಒಲೆ, ಗೀಸರ್, ಕೆಟಲ್, ಫ್ರಿಜ್ ಎಲ್ಲ ಇರಲಿದೆ. 5 ಕೆವಿಎ ಜನರೇಟರ್ ಇಲ್ಲದೆ ನಡೆಯುವುದಿಲ್ಲ ಎಂದು ಬಾಡಿ ಕಟ್ಟುವವರು ಹೇಳುತ್ತಾರೆ. ನಿಜವೇ?

ಅವರು ಜನರೇಟರನ್ನೂ ಮಾರುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಈಗ ಲೆಕ್ಕಕ್ಕೆ ಬರೋಣ. ಇಂಡಕ್ಷನ್ ಒಲೆ 2,000 ವಾಟ್, ಕೆಟಲ್ 1,500, ದಿಢೀರ್ ಗೀಸರ್ 3,000, ಎಸಿ ಸುಮಾರು 1,000. ಎಲ್ಲವನ್ನೂ ಒಟ್ಟಿಗೆ ಹಾಕಿದರೆ 7,500 ವಾಟ್. 5 ಕೆವಿಎ ಎಂದರೆ 5,000 ವಾಟ್ ಎಂದು ಹಲವರು ತಿಳಿದಿದ್ದಾರೆ. 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲು) ಹಿಡಿದರೆ ಕೈಗೆ ಸಿಗುವುದು 4,000 ಮಾತ್ರ. ಅಂದರೆ ಅವರು ಹೇಳಿದ ಜನರೇಟರ್ ತಂದರೂ ನಿಮ್ಮ ಪಟ್ಟಿ ನಡೆಯುವುದಿಲ್ಲ. ತಪ್ಪು ಜನರೇಟರಿನಲ್ಲಿಲ್ಲ, ಪಟ್ಟಿಯಲ್ಲಿದೆ.

ಆ ಪಟ್ಟಿಯಿಂದ ಬಿಸಿ ಮಾಡುವ ವಸ್ತುಗಳನ್ನು ಹೊಡೆದುಹಾಕಿ ನೋಡಿ. ಅಡುಗೆಗೆ ಐದು ಕಿಲೋ ಸಿಲಿಂಡರಿನ ಗ್ಯಾಸ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳಕ್ಕೆ ಇಳಿದು ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿಗೆ ಪ್ರತ್ಯೇಕ ಕಪಾಟು ಇರಲಿ, ಅದರ ತಳದಲ್ಲಿ ಗಾಡಿಯ ಹೊರಗೆ ತೆರೆದ ಕಿಂಡಿ ಇರಲಿ. ಸ್ನಾನದ ನೀರು ಬೆಳಗ್ಗೆ ಒಲೆಯ ಮೇಲೂ ಕಾಯುತ್ತದೆ. ಇನ್ನು ಉಳಿಯುವುದನ್ನು ವಾಟ್-ಗಂಟೆಯಲ್ಲಿ ಎಣಿಸೋಣ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ 50 ವಾಟಿನದು, ದಿನದ ಅರ್ಧ ಹೊತ್ತು ಓಡಿದರೆ 600. ತಲಾ 20 ವಾಟಿನ ಎರಡು ಡಿಸಿ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 320. ಐದು ಎಲ್‌ಇಡಿ ದೀಪಗಳಿಗೆ 125. ಲ್ಯಾಪ್‌ಟಾಪಿಗೆ 180, ನಾಲ್ಕು ಮೊಬೈಲುಗಳಿಗೆ 60, ನೀರಿನ ಪಂಪಿಗೆ 20. ಒಟ್ಟು ಸುಮಾರು 1,300 ವಾಟ್-ಗಂಟೆ, ಮನೆಯ ಮೀಟರಿನ ಭಾಷೆಯಲ್ಲಿ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. 12.8 ವೋಲ್ಟಿನ, 100 ಆಂಪಿಯರ್-ಗಂಟೆಯ ಎರಡು ಲಿಥಿಯಂ ಬ್ಯಾಟರಿಗಳಲ್ಲಿ 2,560 ಇರುತ್ತದೆ. ತಳದಲ್ಲಿ ಸ್ವಲ್ಪ ಉಳಿಸಿಕೊಂಡರೂ ಒಂದೂವರೆ ದಿನ ಯಾರ ಹಂಗೂ ಇಲ್ಲ.

ಎಸಿಯೊಂದೇ ಈ ಲೆಕ್ಕಕ್ಕೆ ಒಗ್ಗದ ಪ್ರಾಣಿ. ಕೋಣೆ ತಣ್ಣಗಾದ ಮೇಲೆ ಸರಾಸರಿ 500-600 ವಾಟಿಗೆ ಇಳಿದರೂ ಒಂದು ರಾತ್ರಿಗೆ ನಾಲ್ಕರಿಂದ ಐದು ಯೂನಿಟ್ ನುಂಗುತ್ತದೆ. ಅದನ್ನು 2 ಕೆವಿಎ ಪೆಟ್ರೋಲ್ ಜನರೇಟರಿನಲ್ಲಿ ಓಡಿಸಿದರೆ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು, ಎಂಟು ಗಂಟೆಗೆ ಐದಾರು ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ದಾಟಿರುವ ಮುಂಬಯಿಯಲ್ಲಿ ಈ ಖರ್ಚನ್ನು ನೀವೇ ಲೆಕ್ಕ ಹಾಕಿ. ಮೇಲಾಗಿ ಅದರ ಟ್ಯಾಂಕಿನಲ್ಲಿ ಹಿಡಿಯುವುದೇ ನಾಲ್ಕು ಲೀಟರಿನಷ್ಟು. ನಡುರಾತ್ರಿ ಎದ್ದು, ಜನರೇಟರ್ ಆರಿಸಿ, ಅದು ತಣಿಯುವವರೆಗೆ ಸೊಳ್ಳೆ ಕಚ್ಚಿಸಿಕೊಂಡು ನಿಂತು, ಆಮೇಲೆ ಪೆಟ್ರೋಲ್ ಹಾಕಬೇಕು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯುವ ಧೈರ್ಯ ಯಾರೂ ತೋರಿಸಬಾರದು.

ಹೀಗಾಗಿ ನನ್ನ ಸಲಹೆ: ಎಸಿ ಬೇಕಾದ ರಾತ್ರಿ ಹೋಂಸ್ಟೇಯ ಅಥವಾ ರೆಸಾರ್ಟಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅಲ್ಲಿನ ಕರೆಂಟನ್ನೇ ತೆಗೆದುಕೊಳ್ಳಿ. ಜನರೇಟರ್ ಕೊಳ್ಳಲೇಬೇಕೆಂದಿದ್ದರೆ 2 ಕೆವಿಎಯ ಇನ್ವರ್ಟರ್ ಮಾದರಿ ಸಾಕು. ಎಸಿ ಕೂಡ ಇನ್ವರ್ಟರ್ ಮಾದರಿಯದೇ ಆಗಿರಲಿ. ಅದರ ಕಂಪ್ರೆಸರ್ ಮೆಲ್ಲಗೆ ಎದ್ದು ವೇಗ ಪಡೆಯುತ್ತದೆ. ಹಳೆಯ ಮಾದರಿಯ ಎಸಿ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟು ಎಳೆದು ಸಣ್ಣ ಜನರೇಟರನ್ನು ಕುಕ್ಕರಿಸಿಬಿಡುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ತಯಾರಕರು ಕೊಟ್ಟ ರೂಪದಿಂದ ವಾಹನವನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಟ್ಟುಪಾಡು ಹಾಕುತ್ತದೆ. ಮೋಟಾರ್ ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಬಾಡಿ ಕಟ್ಟುವವರ ಬಳಿ ಅದರ ಕಾಗದ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಚಿಂಚವಡದಿಂದ ಒಬ್ಬ ಓದುಗರು: ತಾರ್ಕರ್ಲಿಯ ಹೋಂಸ್ಟೇಯಲ್ಲಿ ವರಾಂಡದ ಸಾಕೆಟ್ಟಿನಿಂದ ಕ್ಯಾರವಾನಿಗೆ ಕರೆಂಟು ಎಳೆದೆವು. ಗಾಡಿಯೊಳಗೆ ಏನೂ ತೊಂದರೆ ಇರಲಿಲ್ಲ. ಆದರೆ ಬರಿಗಾಲಿನಲ್ಲಿ ಕೆಳಗೆ ನಿಂತು ಬಾಗಿಲಿನ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂದು ಹೋಂಸ್ಟೇಯವರು ನಕ್ಕರು. ಇದು ಅಪಾಯವೇ?

ಅಪಾಯ. ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಲಿದೆ.

ಮನೆ ನೆಲಕ್ಕೆ ಅಂಟಿಕೊಂಡಿದೆ. ಕ್ಯಾರವಾನ್ ರಬ್ಬರ್ ಟಯರುಗಳ ಮೇಲೆ ನಿಂತ ಲೋಹದ ಪೆಟ್ಟಿಗೆ. ಅದರ ಲೋಹಕ್ಕೂ ನೆಲಕ್ಕೂ ನಂಟು ಇರುವುದು ನೀವು ಎಳೆದ ಕೇಬಲ್ಲಿನ ಹಸಿರು ತಂತಿಯ ಮೂಲಕ ಮಾತ್ರ. ಹೋಂಸ್ಟೇಯ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಆ ನಂಟು ಕಡಿದುಹೋಯಿತು. ಆಗ ಗಾಡಿಯೊಳಗಿನ ಚಾರ್ಜರುಗಳಲ್ಲಿರುವ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅಲ್ಪ ಕರೆಂಟು ಗಾಡಿಯ ಮೈಯನ್ನು 230ರ ಅರ್ಧದಷ್ಟು ವೋಲ್ಟಿಗೆ ಏರಿಸಿ ಇಡುತ್ತದೆ. ನಿಮ್ಮ ಕೈ ಜುಮ್ಮೆಂದದ್ದು ಬಹುಶಃ ಇದರಿಂದ. ಇದರಲ್ಲಿ ಕೊಲ್ಲುವಷ್ಟು ಶಕ್ತಿ ಇಲ್ಲ. ಆದರೆ ಅದೇ ಸ್ಥಿತಿಯಲ್ಲಿ ಗಾಡಿಯೊಳಗೆ ಒಂದು ಫೇಸ್ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿತೆನ್ನಿ, ಇಡೀ ಗಾಡಿಗೆ 230 ವೋಲ್ಟ್ ಏರುತ್ತದೆ, ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಒಂದೂ ಬೀಳುವುದಿಲ್ಲ. ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ನಿಂತು ಮೊದಲು ಬಾಗಿಲು ಮುಟ್ಟುವವರ ಮೈಯೇ ಆಗ ಹಸಿರು ತಂತಿಯ ಕೆಲಸ ಮಾಡುತ್ತದೆ. ಹತ್ತು ಮಿಲಿ ಆಂಪಿಯರಿನ ಮೇಲೆ ಹೋದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದೇ ಕಷ್ಟ. ಚಪ್ಪಲಿ ಇದಕ್ಕೆ ಪರಿಹಾರವಲ್ಲ.

ಹಡಗಿನಲ್ಲಿ ದಡದ ಕರೆಂಟು ತೆಗೆದುಕೊಳ್ಳುವ ಮೊದಲು ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸುಗಳ ಸರದಿ, ಅರ್ತಿಂಗ್ ಇವನ್ನೆಲ್ಲ ನೋಡದೆ ಬ್ರೇಕರಿನ ಹತ್ತಿರ ಸುಳಿಯುವಂತಿಲ್ಲ. ನಿಮಗೆ ಅಷ್ಟೆಲ್ಲ ಬೇಡ. ಮೂರು ದೀಪಗಳ ಸಾಕೆಟ್ ಟೆಸ್ಟರ್ ಎಂಬ ಪುಟ್ಟ ಸಾಧನ ಮುಂಬಯಿಯ ಲೋಹಾರ್ ಚಾಳಿನಲ್ಲಿ ಸಿಗುತ್ತದೆ. ಪುಣೆಯವರಿಗೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿ ಹತ್ತಿರ. ಅದನ್ನು ಸಾಕೆಟ್ಟಿಗೆ ಚುಚ್ಚಿದರೆ ಅರ್ತಿಂಗ್ ಇದೆಯೇ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆಯೇ ಎಂದು ಹೇಳುತ್ತದೆ. ನಮ್ಮ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಹಳೆಯ ಮನೆಗಳಲ್ಲಿ ತಿರುಗುಮುರುಗಾಗಿರುವುದು ಸಾಮಾನ್ಯ. ಆಗ ಗಾಡಿಯೊಳಗಿನ ಒಂಟಿ ಸ್ವಿಚ್ಚು ಆರಿಸಿದರೂ ಉಪಕರಣದಲ್ಲಿ ಫೇಸ್ ಜೀವಂತವಾಗಿಯೇ ಇರುತ್ತದೆ. ಈ ಕಾರಣಕ್ಕೆ ಕ್ಯಾರವಾನಿನ ಮುಖ್ಯ ಎಂಸಿಬಿ ಎರಡೂ ತಂತಿಗಳನ್ನು ಕಡಿಯುವ ಡಬಲ್ ಪೋಲ್ ಆಗಿರಬೇಕು. ಅದರ ಪಕ್ಕದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಅಷ್ಟು ಕರೆಂಟು ನೆಲಕ್ಕೆ ಸೋರಿದರೂ ಸಾಕು, ಅದು ಲೈನ್ ಕಡಿಯುತ್ತದೆ. ಅದಿಲ್ಲದ ಕ್ಯಾರವಾನಿಗೆ ಯಾವ ಕಾರಣಕ್ಕೂ ಹೊರಗಿನ ಕರೆಂಟು ಕೊಡಬೇಡಿ.

ಟೆಸ್ಟರಿನಲ್ಲಿ ಅರ್ತಿಂಗ್ ದೀಪ ಹತ್ತದಿದ್ದರೆ ಏನು ಮಾಡುವುದು? ನಾನಾದರೆ ಆ ಸಾಕೆಟ್ಟಿಗೆ ಕೈಮುಗಿದು ಬ್ಯಾಟರಿಯಲ್ಲೇ ರಾತ್ರಿ ಕಳೆಯುತ್ತೇನೆ. ಎಸಿ ಬೇಕೇ ಬೇಕೆನ್ನುವವರು ತಾಮ್ರ ಲೇಪಿಸಿದ ಒಂದು ಮೀಟರ್ ಸಲಾಕೆಯನ್ನು ಜೊತೆಗೆ ಒಯ್ದು, ಹಸಿ ಮಣ್ಣಿನಲ್ಲಿ ಬಡಿದು, ಗಾಡಿಯ ಚಾಸಿಗೆ ದಪ್ಪ ಹಸಿರು ತಂತಿಯಿಂದ ಜೋಡಿಸಬಹುದು. ಎಂಸಿಬಿ ಬೀಳಿಸುವಷ್ಟು ಕರೆಂಟನ್ನು ಆ ಸಲಾಕೆ ನೆಲಕ್ಕೆ ಹರಿಸಲಾರದು, ಆದರೆ ಆರ್‌ಸಿಸಿಬಿಗೆ 30 ಮಿಲಿ ಆಂಪಿಯರ್ ಸಾಕಲ್ಲ! ಗಾಡಿಯ ಮೈ 50 ವೋಲ್ಟಿನ ಮೇಲೆ ಏರಬಾರದೆಂದರೆ ಲೆಕ್ಕದ ಪ್ರಕಾರ 1,600 ಓಮ್‌ವರೆಗೂ ನಡೆಯುತ್ತದೆ. ಮಣ್ಣು ಒಣಗುತ್ತದೆ, ಹಿಡಿಕೆ ಸಡಿಲವಾಗುತ್ತದೆ ಎಂಬ ಲೆಕ್ಕದಲ್ಲಿ 200ರೊಳಗೆ ಇರಿಸಿಕೊಳ್ಳಿ. ರತ್ನಾಗಿರಿಯಿಂದ ಗೋವೆಯವರೆಗೆ ಜಂಬಿಟ್ಟಿಗೆ ನೆಲ. ಸುತ್ತಿಗೆ ಮುರಿದರೂ ಸಲಾಕೆ ಇಳಿಯದ ಜಾಗಗಳಿವೆ. ಬಾವಿಕಟ್ಟೆಯ ಪಕ್ಕ, ತೆಂಗಿನ ಬುಡದ ಪಾತಿಯಂಥ ತಂಪು ಮಣ್ಣು ಹುಡುಕಿ, ಯಜಮಾನರನ್ನು ಕೇಳಿಯೇ ಬಡಿಯಿರಿ.

ಕೇಬಲ್ ಜೋಡಿಸುವ ಸರದಿಯೂ ಮುಖ್ಯ. ಗಾಡಿಯ ಮುಖ್ಯ ಸ್ವಿಚ್ ಆರಿಸಿ, ಮೊದಲು ಗಾಡಿಯ ಕಡೆ, ಆಮೇಲೆ ಗೋಡೆಯ ಕಡೆ. ಬಿಚ್ಚುವಾಗ ಮೊದಲು ಗೋಡೆ, ಆಮೇಲೆ ಗಾಡಿ. ಹೀಗೆ ಮಾಡಿದರೆ ಕರೆಂಟಿರುವ ತುದಿ ನಿಮ್ಮ ಕೈಯಲ್ಲಿ ಎಂದೂ ಇರುವುದಿಲ್ಲ.

ಕೇಬಲ್ 2.5 ಚದರ ಮಿಲಿಮೀಟರಿನ ತಾಮ್ರದ್ದಾಗಿರಲಿ. 25 ಮೀಟರ್ ಉದ್ದಕ್ಕೆ ಹತ್ತು ಆಂಪಿಯರ್ ಹರಿಸಿದರೆ ಅದರಲ್ಲಿ ನಾಲ್ಕು ವೋಲ್ಟಿಗಿಂತ ಕಡಿಮೆ ನಷ್ಟವಾಗುತ್ತದೆ. ಮಂಟಪದ ದೀಪಕ್ಕೆ ಎಳೆಯುವ ಒಂದು ಚದರ ಮಿಲಿಮೀಟರಿನ ವೈರಿನಲ್ಲಿ ಒಂಬತ್ತು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಮೇ ತಿಂಗಳ ಸಂಜೆ ಊರೆಲ್ಲ ಎಸಿ ಹಾಕಿದಾಗ 190ಕ್ಕೆ ಇಳಿದಿರುವ ಸಾಕೆಟ್ಟಿನಲ್ಲಿ ಆ ಒಂಬತ್ತಕ್ಕೂ ಬೆಲೆಯಿದೆ. ರೀಲಿಗೆ ಸುತ್ತಿದ ಕೇಬಲ್ ಬಳಸುವವರು ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿದ್ದಲ್ಲೇ ಬಿಟ್ಟು ಎಸಿ ಓಡಿಸಿದರೆ ಒಳಸುತ್ತುಗಳ ಬಿಸಿ ಹೊರಹೋಗಲು ದಾರಿಯಿಲ್ಲದೆ ಹೊದಿಕೆ ಕರಗುತ್ತದೆ. ವೋಲ್ಟೇಜ್ ತೀರಾ ಇಳಿದರೂ ಏರಿದರೂ ಕಡಿಯುವ ಪ್ರೊಟೆಕ್ಟರ್ ಒಂದನ್ನು ಗಾಡಿಯ ಒಳಬಾಗಿಲಲ್ಲೇ ಕೂರಿಸಿಕೊಳ್ಳಿ.

ಸಾಕೆಟ್ 6 ಆಂಪಿಯರಿನದೋ 16ರದೋ ಎಂದು ನೋಡುವುದನ್ನು ಮರೆಯಬೇಡಿ. ಆರರದು 1,380 ವಾಟಿಗೆ ಮುಗಿಯಿತು. ಎಸಿ ಓಡುತ್ತಿರುವಾಗ ಯಾರೋ ಕೆಟಲ್ ಹಾಕಿದರೆ ಹೋಂಸ್ಟೇಯ ಟಿವಿಯೂ ಆರಿ, ಮನೆಯವರೆಲ್ಲ ಟಾರ್ಚ್ ಹಿಡಿದು ನಿಮ್ಮತ್ತ ಬರುತ್ತಾರೆ. ಗಾಡಿಯಲ್ಲಿ ಒಂದು ಸಬ್‌ಮೀಟರ್ ಹಾಕಿಸಿ, ಬೆಳಗ್ಗೆ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೊರಡುವವರಿಗೆ ಮುಂದಿನ ಸಲ ಸಾಕೆಟ್ ತಾನಾಗಿ ತೆರೆಯುತ್ತದೆ.

ಮಡಗಾಂವಿನಿಂದ ಒಬ್ಬ ಓದುಗರು: ಅಣ್ಣಾ, ನಮ್ಮದು ಮೂಲ ಅಂಕೋಲಾ. ಪಾಳೊಳೆಂ ಕಡೆ ಪರಿಚಯದವರ ತೋಟದಲ್ಲಿ ಗಾಡಿ ನಿಲ್ಲಿಸಿ, ಜನರೇಟರ್ ಓಡಿಸಿ ಎಸಿಯಲ್ಲಿ ಮಲಗುವ ಯೋಚನೆಯಿದೆ. ಜನರೇಟರನ್ನು ಹಿಂದಿನ ಡಿಕ್ಕಿಯಲ್ಲಿಟ್ಟು ಬಾಗಿಲು ತೆರೆದಿಟ್ಟರೆ ಸಾಲದೇ?

ಸಾಲದು. ಡಿಕ್ಕಿ, ಗಾಡಿಯ ಅಡಿ, ಕಿಟಕಿಯ ಕೆಳಗೆ, ಶೆಡ್ಡಿನೊಳಗೆ, ಇವೆಲ್ಲವೂ ನಿಷಿದ್ಧ. ಪೆಟ್ರೋಲ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ ಬರುತ್ತದೆ, ಮಧ್ಯಾಹ್ನ ತಿಂದ ಮೀನು ಕೆಟ್ಟಿತ್ತೇನೋ ಎಂದುಕೊಳ್ಳುತ್ತಾರೆ. ಮಲಗಿದವರಿಗೆ ಅಷ್ಟೂ ತಿಳಿಯುವುದಿಲ್ಲ.

ಗಾಡಿಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಹೊಗೆಕೊಳವೆ ಗಾಡಿಗೆ ಬೆನ್ನು ಹಾಕಿರುವಂತೆ, ಗಾಳಿ ಗಾಡಿಯಿಂದ ಜನರೇಟರಿನ ಕಡೆಗೆ ಬೀಸುವಂತೆ ಇಡಬೇಕು. ಕರಾವಳಿಯಲ್ಲಿ ಒಂದು ತೊಡಕಿದೆ, ಅಂಕೋಲೆಯವರಾದ ನಿಮಗೆ ಹೇಳಿಕೊಡಬೇಕಿಲ್ಲ. ಸಂಜೆ ಕಡಲಿನಿಂದ ನೆಲದತ್ತ ಬೀಸುವ ಗಾಳಿ ರಾತ್ರಿ ಏರಿದಂತೆ ತಿರುಗಿ ನೆಲದಿಂದ ಕಡಲಿನತ್ತ ಬೀಸತೊಡಗುತ್ತದೆ. ಆರು ಗಂಟೆಗೆ ಸರಿಯಾಗಿ ನೋಡಿ ಗಾಡಿಯ ಪೂರ್ವಕ್ಕೆ ಇಟ್ಟ ಜನರೇಟರ್ ಎರಡು ಗಂಟೆಯ ರಾತ್ರಿಗೆ ಹೊಗೆಯನ್ನು ನೇರವಾಗಿ ನಿಮ್ಮ ಕಿಟಕಿಗೇ ಕಳಿಸುತ್ತಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಾಸಿಗೆಯ ಮಟ್ಟದಲ್ಲಿ ಗೋಡೆಗೆ ಹಾಕಿಸಿ. ಹೊಗೆ ಪತ್ತೆ ಮಾಡುವ ಅಲಾರಂ ಬೇರೆ, ಇದು ಬೇರೆ.

ಇಷ್ಟೆಲ್ಲ ಮಾಡಿದ ಮೇಲೂ ಜನರೇಟರ್ ಓಡುತ್ತಿರುವಾಗ ಮಲಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾನೂನಿನದೂ ಇಲ್ಲ ಎನ್ನಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ಮೆಲುದನಿಯದೆಂದು ಜಾಹೀರಾತು ಪಡೆಯುವ ಜನರೇಟರುಗಳೂ ಏಳು ಮೀಟರ್ ದೂರದಲ್ಲಿ 50ರ ಆಸುಪಾಸಿನಲ್ಲಿ ಗುನುಗುತ್ತವೆ. ಸಂಜೆ ಎರಡು ಗಂಟೆ ಓಡಿಸಿ, ಗಾಡಿಯನ್ನು ತಣಿಸಿ, ಬ್ಯಾಟರಿ ತುಂಬಿಸಿ, ಮಲಗುವ ಮೊದಲು ಆರಿಸಿ. ಆಮೇಲೆ ಫ್ಯಾನು. ಗಾಡಿಯನ್ನು ತೋಟದಲ್ಲೇ ಬಿಡಿ, ಸಮುದ್ರ ಕಾಣಲೆಂದು ಮರಳಿಗೆ ಇಳಿಸಬೇಡಿ. ಗೋವೆಯಲ್ಲಿ ಬೀಚಿನ ಮೇಲೆ ವಾಹನ ಓಡಿಸುವುದಕ್ಕೆ ನಿಷೇಧವಿದೆ.

ಡೊಂಬಿವಿಲಿಯಿಂದ ಒಬ್ಬ ಓದುಗರು: ಮನೆಯ ಸಾಕೆಟ್ಟಿನಲ್ಲಿ ಸರಿಯಾಗಿ ತೋರಿಸುವ ನನ್ನ ಟೆಸ್ಟರ್, ಹೊಸ ಜನರೇಟರಿಗೆ ಚುಚ್ಚಿದರೆ ಅರ್ತಿಂಗ್ ಇಲ್ಲವೆನ್ನುತ್ತದೆ. ಜನರೇಟರ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಮನೆಗೆ ಬರುವ ಕರೆಂಟಿನಲ್ಲಿ ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರಿನ ಬಳಿ ನೆಲಕ್ಕೆ ಕಟ್ಟಿರುತ್ತಾರೆ. ನಿಮ್ಮ ಪುಟ್ಟ ಜನರೇಟರಿನಲ್ಲಿ ಎರಡು ತಂತಿಗಳೂ ನೆಲದ ಸಂಬಂಧವಿಲ್ಲದೆ ತೇಲುತ್ತಿರುತ್ತವೆ. ಹಡಗುಗಳ 440 ವೋಲ್ಟಿನ ವ್ಯವಸ್ಥೆಯೂ ಹೆಚ್ಚಾಗಿ ಹೀಗೇ ಇರುತ್ತದೆ, ಬೇಕೆಂದೇ. ಒಂದು ತಂತಿ ಹಡಗಿನ ಮೈಗೆ ತಾಗಿದರೂ ಯಾವುದೂ ನಿಲ್ಲುವುದಿಲ್ಲ, ಚುಕ್ಕಾಣಿಯ ಮೋಟಾರು ನಡುಗಡಲಿನಲ್ಲಿ ಕೈಕೊಡುವುದಿಲ್ಲ. ಆದರೆ ಅಲ್ಲಿ ಮೊದಲ ತಾಗುವಿಕೆಯನ್ನು ತೋರಿಸುವ ದೀಪಗಳಿರುತ್ತವೆ, ಅದನ್ನು ಹುಡುಕಿ ಸರಿಪಡಿಸುವುದು ನನ್ನಂಥವರ ಕೆಲಸವಾಗಿತ್ತು. ಕ್ಯಾರವಾನಿನಲ್ಲಿ ಅಂಥ ದೀಪವಿಲ್ಲ. ಮೊದಲ ದೋಷ ಸದ್ದಿಲ್ಲದೆ ಕುಳಿತಿರುತ್ತದೆ, ಎರಡನೆಯದು ಬಂದಾಗ ಅನಾಹುತ. ಮೊದಲ ದೋಷಕ್ಕೆ ನಿಮ್ಮ ಆರ್‌ಸಿಸಿಬಿ ಬೀಳುವುದೂ ಇಲ್ಲ, ಏಕೆಂದರೆ ಸೋರಿದ ಕರೆಂಟಿಗೆ ಮರಳುವ ದಾರಿಯೇ ಇಲ್ಲ. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಬೀಳುತ್ತದೆ. ಆ ಗುಂಡಿಗೆ ಒಳಗೇ ತನ್ನ ದಾರಿ ಇರುವುದರಿಂದ ಅದನ್ನು ನಂಬಿ ನಿಶ್ಚಿಂತರಾಗಬೇಡಿ.

ಜನರೇಟರಿನ ಕರೆಂಟು ಬಳಸುವಾಗ ಮಾತ್ರ ನ್ಯೂಟ್ರಲ್ಲನ್ನು ಚಾಸಿಗೆ ಬೆಸೆಯುವ ವ್ಯವಸ್ಥೆ ಮಾಡಬಹುದು. ಹೊರಗಿನ ಕರೆಂಟಿನಲ್ಲಿರುವಾಗ ಆ ಬೆಸುಗೆ ಇರಲೇಬಾರದು. ಕೆಲವು ಇನ್ವರ್ಟರ್ ಜನರೇಟರುಗಳಿಗೆ ಇದು ಆಗಿಬರುವುದಿಲ್ಲ, ಅವುಗಳ ಕೈಪಿಡಿ ಓದಿ. ಲೈಸೆನ್ಸ್ ಇರುವ ವೈರ್‌ಮನ್ ಮಾಡಬೇಕಾದ ಕೆಲಸವಿದು, ವಿಡಿಯೊ ನೋಡಿ ಮಾಡುವಂಥದ್ದಲ್ಲ.

ಪುಣೆಯ ಕೋಥ್ರೂಡಿನಿಂದ ಒಬ್ಬ ಓದುಗರು: ಮನೆಯ ಇನ್ವರ್ಟರಿನ 150 ಆಂಪಿಯರ್-ಗಂಟೆಯ ಟ್ಯೂಬ್ಯುಲರ್ ಬ್ಯಾಟರಿ ಸುಸ್ಥಿತಿಯಲ್ಲಿದೆ. ಅದನ್ನೇ ಗಾಡಿಗೆ ಹಾಕಿದರೆ ಲಿಥಿಯಂ ಖರ್ಚು ಉಳಿಯುವುದಲ್ಲವೇ?

ದುಡ್ಡು ಉಳಿಯುತ್ತದೆ, ಸೊಂಟ ಉಳಿಯುವುದಿಲ್ಲ. ಐವತ್ತು ಕಿಲೋ ಮೀರಿದ ಆ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಅಂದರೆ ಬಳಕೆಗೆ ಸಿಗುವುದು 900 ವಾಟ್-ಗಂಟೆ. ಹನ್ನೆರಡು-ಹದಿಮೂರು ಕಿಲೋದ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದಕ್ಕಿಂತ ಹೆಚ್ಚು ಕೊಡುತ್ತದೆ. ಟ್ಯೂಬ್ಯುಲರಿನಲ್ಲಿ ಆಸಿಡ್ ಇದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಹಾಸಿಗೆಯ ಕೆಳಗಿನ ಮುಚ್ಚಿದ ಪೆಟ್ಟಿಗೆ ಅದರ ಜಾಗವಲ್ಲ.

ಇವೆಲ್ಲ ಬ್ಯಾಟರಿ ಅಂಗಡಿಯವರೂ ಹೇಳುವ ಮಾತು. ನನ್ನ ಕಾರಣ ಬೇರೆ. ಟ್ಯೂಬ್ಯುಲರ್ ಬ್ಯಾಟರಿ ಹದಿನೈದು ಆಂಪಿಯರಿನ ಸುಮಾರಿಗೆ ಕರೆಂಟು ಕುಡಿಯುತ್ತದೆ, ಕೊನೆಯ ಕಾಲುಭಾಗ ತುಂಬುವಾಗಲಂತೂ ಮಕ್ಕಳು ಹಾಲು ಕುಡಿದಂತೆ ಗುಟುಕು ಗುಟುಕಾಗಿ. ಆ ನಾಲ್ಕಾರು ಗಂಟೆ ನಿಮ್ಮ ಜನರೇಟರ್ ನೂರಿನ್ನೂರು ವಾಟಿಗಾಗಿ ಪೆಟ್ರೋಲ್ ಸುಡುತ್ತಾ ನಿಂತಿರುತ್ತದೆ. ಲಿಥಿಯಂ 50 ಆಂಪಿಯರಿನಲ್ಲಿ ಎರಡು ಗಂಟೆಗೆ ತುಂಬಿ ಮುಗಿಯುತ್ತದೆ. ಜನರೇಟರ್ ಇರುವವರಿಗೇ ಲಿಥಿಯಂ ಹೆಚ್ಚು ಲಾಭ. ಚಾರ್ಜರಿನಲ್ಲಿ ಲಿಥಿಯಂಗೆ ಬೇಕಾದ ಸೆಟ್ಟಿಂಗ್ ಇದೆಯೇ ನೋಡಿ, ಮನೆಯ ಹಳೆಯ ಇನ್ವರ್ಟರಿನಲ್ಲಿ ಇರುವುದು ಅಪರೂಪ. ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ ಫ್ಯೂಸ್ ಬರಬೇಕು. 1,000 ವಾಟನ್ನು 12 ವೋಲ್ಟಿನಿಂದ ಎಳೆಯುವಾಗ ನೂರು ಆಂಪಿಯರಿನ ಹತ್ತಿರ ಹರಿಯುತ್ತದೆ, ಅದಕ್ಕೆ 35 ಚದರ ಮಿಲಿಮೀಟರಿನ ಕೇಬಲ್ ಹಾಕಿಸಿ.

ನವಿ ಮುಂಬಯಿಯಿಂದ ಒಬ್ಬ ಓದುಗರು: ಗಾಡಿ ಓಡುವಾಗ ಎಂಜಿನ್ನಿನಿಂದಲೇ ಮನೆಬಳಕೆಯ ಬ್ಯಾಟರಿ ತುಂಬಬೇಕಲ್ಲ? ಬಿಎಸ್-6 ಗಾಡಿಯಲ್ಲಿ ಅದು ಅರ್ಧದಷ್ಟೂ ತುಂಬುತ್ತಿಲ್ಲ.

ಹೊಸ ಗಾಡಿಗಳ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಕರೆಂಟು ಯಂತ್ರ) ಇಂಧನ ಉಳಿಸಲು ಬೇಕಾದಾಗ ತನ್ನ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಅದಕ್ಕೂ ಬ್ಯಾಟರಿಗೂ ನಡುವೆ ಬರಿಯ ರಿಲೇ (ತಾನಾಗಿ ಸೇರುವ ಸ್ವಿಚ್) ಇದ್ದರೆ ಲಿಥಿಯಂ ಬ್ಯಾಟರಿ ಒಮ್ಮೆ ಹಸಿದು ಕುಳಿತಿರುತ್ತದೆ, ಇನ್ನೊಮ್ಮೆ ಆಲ್ಟರ್ನೇಟರ್ ಕಾದು ಸುಡುವಷ್ಟು ಎಳೆಯುತ್ತದೆ. ಆಲ್ಟರ್ನೇಟರಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಹದಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 30 ಆಂಪಿಯರಿನದು ಮೂರು ಗಂಟೆಯ ಓಟದಲ್ಲಿ 90 ಆಂಪಿಯರ್-ಗಂಟೆ ತುಂಬುತ್ತದೆ. ಮುಂಬಯಿಯಿಂದ ಪುಣೆಗೆ ಹೋಗುವಷ್ಟರಲ್ಲಿ ಒಂದು ರಾತ್ರಿಯ ಕರೆಂಟು ಬಿಟ್ಟಿಯಾಗಿ ಸಿಕ್ಕಂತಾಯಿತು. ಜನರೇಟರ್ ಬಗ್ಗೆ ಯೋಚಿಸುವ ಮುನ್ನ ಇದಕ್ಕೆ ದುಡ್ಡು ಹಾಕಿ.

ಪಿಂಪರಿಯಿಂದ ಒಬ್ಬ ಓದುಗರು: ಛಾವಣಿಗೆ 400 ವಾಟಿನ ಸೌರಫಲಕ ಹಾಕಿಸಿದರೆ ಮಳೆಗಾಲದಲ್ಲಿ ನಡೆದೀತೇ?

ಬೇಸಿಗೆಯಲ್ಲಿ ದಿನಕ್ಕೆ ಒಂದೂಕಾಲು ಯೂನಿಟ್ ನಿರೀಕ್ಷಿಸಬಹುದು. ಜುಲೈ ತಿಂಗಳ ಕೊಂಕಣದಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಳ್ಳಿ. ಬಿಸಿಲಿರುವ ದಿನವೂ ಮಾವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸುವುದೋ, ಫಲಕಕ್ಕೆ ಬಿಸಿಲು ಕೊಡುವುದೋ ಎಂಬ ಜಗಳ ಮನೆಯಲ್ಲಿ ನಡೆಯುತ್ತದೆ. ನಮ್ಮಲ್ಲಿ ಮಾವಿನ ಮರವೇ ಗೆಲ್ಲುತ್ತದೆ.

ಸಾಂತಾಕ್ರೂಜಿನಿಂದ ಒಬ್ಬ ಓದುಗರು: ಮನೆಯ ಅಂಗಳದಲ್ಲಿ ಎಸಿ ಓಡಿಸುವ ಜನರೇಟರ್ ಮಹಾಬಲೇಶ್ವರಕ್ಕೆ ಹೋದರೆ ಏದುಸಿರು ಬಿಡುತ್ತದೆ. ಏಕೆ?

ಅಲ್ಲಿ ಗಾಳಿ ತೆಳು. ಪ್ರತಿ 300 ಮೀಟರ್ ಎತ್ತರಕ್ಕೆ ಎಂಜಿನ್ನಿನ ಬಲ ಶೇಕಡಾ ಮೂರೂವರೆಯಷ್ಟು ಕುಗ್ಗುತ್ತದೆ. ಮಹಾಬಲೇಶ್ವರ 1,350 ಮೀಟರಿನ ಆಸುಪಾಸಿನಲ್ಲಿದೆ, ಅಂದರೆ ಶೇಕಡಾ ಹದಿನೈದು-ಹದಿನಾರು ಹೋಯಿತು. ಆದರೆ ಮಹಾಬಲೇಶ್ವರದಲ್ಲಿ ಎಸಿ ಏಕೆ?

ವಾಸ್ಕೋದಿಂದ ಒಬ್ಬ ಓದುಗರು: ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಬೇಗ ಬರುವುದಿಲ್ಲ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಂಡು ಕ್ಯಾರವಾನಿನ ಜನರೇಟರಿನಿಂದ ಮನೆಯ ಸಾಕೆಟ್ಟಿಗೆ ಕರೆಂಟು ಕೊಡಬಹುದೆಂದು ಪಕ್ಕದವರು ಹೇಳಿದರು.

ಆ ವೈರನ್ನು ಈಗಾಗಲೇ ಮಾಡಿದ್ದರೆ ಇವತ್ತೇ ಕತ್ತರಿಸಿ ಎಸೆಯಿರಿ. ಒಂದು ತುದಿ ಜನರೇಟರಿನಲ್ಲಿದ್ದಾಗ ಇನ್ನೊಂದು ತುದಿಯ ಬರಿಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಅದು ನಿಮ್ಮ ಮನೆಯವರಿಗೆ ಅಪಾಯ. ಮುಖ್ಯ ಸ್ವಿಚ್ ಆರಿಸಲು ಮರೆತರೆ ಕರೆಂಟು ಮೀಟರಿನ ಮೂಲಕ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಸೇರುತ್ತದೆ, ಅದು ಅಲ್ಲಿ 11,000 ವೋಲ್ಟಿಗೆ ಏರುತ್ತದೆ. ಲೈನ್ ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಅದರ ಇನ್ನೊಂದು ತುದಿಯಲ್ಲಿರುತ್ತಾನೆ. ಮನೆಗೆ ಜನರೇಟರ್ ಕರೆಂಟು ಬೇಕಾದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಒಂದು ಬದಿ ಸೇರಿದರೆ ಇನ್ನೊಂದು ಬದಿ ಕಡಿದೇ ಇರುವಂಥದ್ದು. ಕ್ಯಾರವಾನಿನೊಳಗೂ ಹೊರಗಿನ ಕರೆಂಟು, ಜನರೇಟರ್, ಇನ್ವರ್ಟರ್ ಇವುಗಳ ನಡುವೆ ಇದೇ ಸ್ವಿಚ್ ಇರಬೇಕು.

ಮಾಟುಂಗಾದಿಂದ ಒಬ್ಬ ಓದುಗರು: ನಮ್ಮ ತಂದೆಯವರು ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಅತ್ತೆಯವರು ದೋಸೆಹಿಟ್ಟಿನ ಗ್ರೈಂಡರ್ ಇಲ್ಲದೆ ಗಾಡಿ ಹತ್ತುವುದಿಲ್ಲ ಎನ್ನುತ್ತಾರೆ. ಬ್ಯಾಟರಿಯ ಮೇಲೆ ಇವೆರಡೂ ನಡೆಯುತ್ತವೆಯೇ?

ಎರಡೂ ನಡೆಯುತ್ತವೆ. ಸಿಪ್ಯಾಪಿಗೆ ಅದರ ತಯಾರಕರೇ ಕೊಡುವ ಡಿಸಿ ಅಡಾಪ್ಟರ್ ಕೊಳ್ಳಿ. ಇನ್ವರ್ಟರಿನ ಮೂಲಕ ಹೋಗಿ ನಷ್ಟ ಮಾಡಿಕೊಳ್ಳುವುದು ತಪ್ಪುತ್ತದೆ. ನೀರು ಬಿಸಿಮಾಡುವ ಹ್ಯುಮಿಡಿಫೈಯರ್ ಆರಿಸಿಟ್ಟರೆ ರಾತ್ರಿಗೆ 300 ವಾಟ್-ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆರಿಸಬಹುದೇ ಎಂದು ವೈದ್ಯರನ್ನು ಕೇಳಿ. ಆ 300ನ್ನು ಬೇರೆ ಯಾರೂ ಮುಟ್ಟದಂತೆ ಪ್ರತ್ಯೇಕ ಸಣ್ಣ ಬ್ಯಾಟರಿಯಲ್ಲಿಡುವುದು ಉತ್ತಮ. ಮಕ್ಕಳು ಸಿನಿಮಾ ನೋಡಿ ಬ್ಯಾಟರಿ ಬರಿದಾಯಿತೆಂದು ತಾತನ ಉಸಿರಿಗೆ ತೊಂದರೆಯಾಗಬಾರದು.

ಟೇಬಲ್ ಮೇಲಿಡುವ ಎರಡು ಲೀಟರಿನ ಗ್ರೈಂಡರ್ 150 ವಾಟಿನದು. ಅರ್ಧ ಗಂಟೆ ತಿರುಗಿದರೆ 75 ವಾಟ್-ಗಂಟೆ, ನಾಲ್ಕು ಜನರ ದೋಸೆಗೆ ಇದು ಅಗ್ಗ. ಆದರೆ ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು) ಆಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗ್ರೈಂಡರಿನ ಮೋಟಾರು ಗುಂಯ್‌ಗುಟ್ಟಿ ಕಾಯುತ್ತದೆ. ಗಾಡಿ ನಿಂತಿರುವಾಗ ಮಾತ್ರ ರುಬ್ಬಲು ಹೇಳಿ. ಹೊರಡುವ ಮೊದಲು ಕಲ್ಲುಗಳನ್ನು ಹೊರತೆಗೆದು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ನೆಲಮಟ್ಟದ ಕಪಾಟಿನಲ್ಲಿಟ್ಟು ಬೀಗ ಹಾಕಿ. ಕಶೇಡಿ ಘಾಟಿಯ ತಿರುವಿನಲ್ಲಿ ಅವು ಮೇಲಿನ ಕಪಾಟಿನಿಂದ ಉರುಳಿಬರುವುದು ಬೇಡ.